ಮಾಡಿದವರಿಗೆ ನಷ್ಟ, ಕೂಡಿಟ್ಟವರಿಗೆ ನಿಧಿ: ಕಾರ್ಲ್ ಎಲ್ಸೆನರ್ ಚಾಕುವಿನ ಕಥೆ

ಕೆಂಪು ಹಿಡಿ, ಅದರ ಮೇಲೊಂದು ಪುಟ್ಟ ಬಿಳಿ ಶಿಲುಬೆ. ಈ ಮಡಚುವ ಚಾಕುವನ್ನು ಕಂಡೊಡನೆ ಸ್ವಿಟ್ಜರ್ಲೆಂಡಿನದೆಂದು ಗುರುತಿಸದ ನಗರವಾಸಿಗಳು ಇಂದು ವಿರಳ. ವಿದೇಶದಿಂದ ಮರಳಿದ ಅಣ್ಣನೋ ಅಳಿಯನೋ ತಂದುಕೊಟ್ಟ ಉಡುಗೊರೆಯಾಗಿ ಅದು ಅನೇಕ ಮನೆಗಳನ್ನು ಸೇರಿದೆ. ಕೈಚೀಲದಲ್ಲಿ ಮರೆತು ಇಟ್ಟುಕೊಂಡು ಹೋಗಿ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅದನ್ನು ಕಳೆದುಕೊಂಡವರೂ ಇದ್ದಾರೆ. ಆದರೆ ಹಳೆಯ ಚಾಕುಗಳ ಸಂಗ್ರಾಹಕರ ದೃಷ್ಟಿಯಲ್ಲಿ ಈ ಕೆಂಪು ಚಾಕು ಸಾಮಾನ್ಯ ವಸ್ತು. ಅವರು ಹುಡುಕುವುದು ಕಪ್ಪು ಛಾಯೆಯ ಓಕ್ ಮರದ ಹಿಡಿಯುಳ್ಳ, ಅಂದಚೆಂದವಿಲ್ಲದ, ಅಂಗೈಗೆ ಭಾರವೆನಿಸುವ ಒಂದು ಸೈನಿಕ ಚಾಕುವನ್ನು. ಅದರ ಹೆಸರು 1890ರ ಮಾದರಿ.

ಆ ಮಾದರಿಯ ಮೊದಲ ವರ್ಷಗಳ ಚಾಕುವೊಂದು ಸುಸ್ಥಿತಿಯಲ್ಲಿ ದೊರೆತರೆ ಸಂಗ್ರಾಹಕರು ಇಂದು ಕೊಡುವ ಬೆಲೆ ಹೊಸ ಚಾಕುವಿನ ಬೆಲೆಯ ಎಷ್ಟೋ ಪಟ್ಟು. ವಿಪರ್ಯಾಸವೆಂದರೆ, ಇದೇ ಚಾಕು ಒಂದು ಕಾಲದಲ್ಲಿ ತನ್ನನ್ನು ತಯಾರಿಸಿದಾತನ ಆಸ್ತಿಯನ್ನೆಲ್ಲ ನುಂಗಿ, ಅವರನ್ನು ದಿವಾಳಿಯ ಅಂಚಿಗೆ ತಂದು ನಿಲ್ಲಿಸಿತ್ತು. ಆತನೇ ಕಾರ್ಲ್ ಎಲ್ಸೆನರ್. ವಿಕ್ಟೊರಿನಾಕ್ಸ್ ಎಂಬ ಹೆಸರು ಜಗತ್ತಿಗೆ ಪರಿಚಯವಾಗುವ ಮುನ್ನವೇ ಕಣ್ಮುಚ್ಚಿದ ಈ ಕುಶಲಕರ್ಮಿಯ ಬದುಕನ್ನು ಅರಿಯದೆ ಆ ಹಳೆಯ ಚಾಕುಗಳ ಬೆಲೆಯನ್ನು ಅರಿಯುವುದು ಕಷ್ಟ.

ಟೋಪಿಯ ಮನೆಯಿಂದ ಕುಲುಮೆಯತ್ತ

ಕಾರ್ಲ್ ಎಲ್ಸೆನರ್ ಜನಿಸಿದ್ದು 1860ರಲ್ಲಿ. ತಂದೆ ಬಾಲ್ತಸರ್ ಎಲ್ಸೆನರ್ ಟೋಪಿ ತಯಾರಕರು, ತಾಯಿ ವಿಕ್ಟೋರಿಯಾ. ತಂದೆಯ ಕಸುಬನ್ನು ಮಕ್ಕಳು ಮುಂದುವರಿಸುವುದು ಅಂದಿನ ಯುರೋಪಿನ ಸಣ್ಣ ಊರುಗಳಲ್ಲೂ ವಾಡಿಕೆಯೇ ಆಗಿತ್ತು. ಕಾರ್ಲ್ ಮಾತ್ರ ಟೋಪಿಯ ಉದ್ಯಮಕ್ಕೆ ಒಲಿಯಲಿಲ್ಲ. ಅವರ ಮನಸ್ಸು ಉಕ್ಕಿನತ್ತ, ಸಾಣೆಕಲ್ಲಿನತ್ತ ಹರಿಯಿತು. ತ್ಸುಗ್ ಪಟ್ಟಣದಲ್ಲಿ ಚಾಕು ತಯಾರಿಕೆಯ ಕೆಲಸವನ್ನು ಶಿಷ್ಯವೃತ್ತಿಯಲ್ಲಿ ಕಲಿತರು. ಬಳಿಕ ಅಂದಿನ ಕುಶಲಕರ್ಮಿಗಳ ರೂಢಿಯಂತೆ ಊರೂರು ತಿರುಗಿ ಕಸುಬನ್ನು ಪಕ್ವಗೊಳಿಸಿಕೊಂಡರು. ಪ್ಯಾರಿಸ್ಸಿನಲ್ಲಿ ಕೆಲಸ ಮಾಡಿದರು. ದಕ್ಷಿಣ ಜರ್ಮನಿಯ ಟುಟ್ಲಿಂಗೆನ್‌ನಲ್ಲೂ ದುಡಿದರು. ಟುಟ್ಲಿಂಗೆನ್ ಶಸ್ತ್ರಚಿಕಿತ್ಸಾ ಉಪಕರಣಗಳ ತಯಾರಿಕೆಗೆ ಹೆಸರಾದ ಊರು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಸಹಿಸದ ಕೆಲಸ ಅಲ್ಲಿನದು.

1884ರಲ್ಲಿ, ಇನ್ನೂ 24 ತುಂಬದ ಎಲ್ಸೆನರ್ ಸ್ವದೇಶಕ್ಕೆ ಮರಳಿ ಶ್ವೀಟ್ಸ್ ಪಟ್ಟಣದ ಮಗ್ಗುಲಿನ ಇಬಾಖ್ ಎಂಬ ಹಳ್ಳಿಯಲ್ಲಿ ಸ್ವಂತ ಕಾರ್ಯಾಗಾರ ತೆರೆದರು. ಮೀಟನ್ ಶಿಖರಗಳ ಬುಡದಲ್ಲಿರುವ ಊರದು. ಟೋಬೆಲ್‌ಬಾಖ್ ಎಂಬ ತೊರೆಯ ನೀರು ಚಕ್ರವನ್ನು ತಿರುಗಿಸುತ್ತಿತ್ತು. ಆ ಚಕ್ರದ ಬಲದಿಂದ ಸಾಣೆಯ ಯಂತ್ರವೂ ಹೊಳಪು ಕೊಡುವ ಯಂತ್ರವೂ ನಡೆಯುತ್ತಿದ್ದವು. ಅಡುಗೆಮನೆಯ ಚಾಕು, ಕ್ಷೌರದ ಕತ್ತಿ, ಶಸ್ತ್ರಚಿಕಿತ್ಸೆಯ ಉಪಕರಣಗಳು ಅಲ್ಲಿ ತಯಾರಾದವು. ಮಗನ ಹೊಸ ಸಾಹಸಕ್ಕೆ ತಾಯಿ ವಿಕ್ಟೋರಿಯಾ ಬೆಂಬಲವಾಗಿ ನಿಂತರು. ತಯಾರಾದ ಸರಕನ್ನು ಮಾರುವುದರಲ್ಲೂ ಅವರು ನೆರವಾದರು. ಈ ನೆರವಿನ ಋಣ ಮುಂದೆ ಎಂತಹ ರೂಪ ಪಡೆಯಿತೆಂಬುದು ಇಂದು ಆ ಚಾಕುಗಳ ಮೇಲೆಯೇ ಬರೆದಿದೆ.

ಇಂದಿನ ಶ್ರೀಮಂತ ಸ್ವಿಟ್ಜರ್ಲೆಂಡನ್ನು ನೋಡಿದವರಿಗೆ ಅಂದಿನ ಸ್ಥಿತಿ ಊಹೆಗೆ ನಿಲುಕದು. 19ನೇ ಶತಮಾನದಲ್ಲಿ ಆ ದೇಶದ ಪರ್ವತ ಕಣಿವೆಗಳು ಬಡತನದ ನೆಲೆಗಳಾಗಿದ್ದವು. ತುಂಡು ನೆಲ, ದೀರ್ಘ ಚಳಿಗಾಲ, ಕೈಗೆ ಕೆಲಸವಿಲ್ಲ. ಸಾವಿರಾರು ಜನರು ಊರು ತೊರೆದು ಅಮೆರಿಕ ಖಂಡಗಳತ್ತ ಹಡಗು ಹತ್ತುತ್ತಿದ್ದರು. ತಮ್ಮ ಕಣಿವೆಯ ಯುವಕರಿಗೆ ಊರಲ್ಲಿಯೇ ಉದ್ಯೋಗ ಸಿಗಬೇಕೆಂಬ ಹಂಬಲ ಎಲ್ಸೆನರ್ ಅವರನ್ನು ಆವರಿಸಿತ್ತು. ಮುಂದಿನ ಅವರ ಹಠವನ್ನು ಕೇವಲ ವ್ಯಾಪಾರಿಯ ಲೆಕ್ಕಾಚಾರದಿಂದ ವಿವರಿಸಲಾಗದು.

ಸೈನ್ಯಕ್ಕೆ ಚಾಕು ಏಕೆ ಬೇಕಾಯಿತು?

1889ರಲ್ಲಿ ಸ್ವಿಸ್ ಸೇನೆ ಶ್ಮಿಟ್-ರೂಬಿನ್ ಎಂಬ ಹೊಸ ಬಂದೂಕನ್ನು ಅಂಗೀಕರಿಸಿತು. ಅದನ್ನು ಬಿಚ್ಚಿ ಶುಚಿಗೊಳಿಸಲು ಸೈನಿಕನ ಬಳಿ ಸ್ಕ್ರೂಡ್ರೈವರ್ ಇರಬೇಕಿತ್ತು. ಅದೇ ಕಾಲಕ್ಕೆ ತಗಡಿನ ಡಬ್ಬಿಯಲ್ಲಿ ಮುಚ್ಚಿಟ್ಟ ಆಹಾರವೂ ಸೇನೆಯ ರೂಢಿಗೆ ಬಂದಿತ್ತು. ಡಬ್ಬಿ ತೆರೆಯಲು ಒಂದು ಸಾಧನ, ಚರ್ಮದ ಪಟ್ಟಿಗೆ ರಂಧ್ರ ಕೊರೆಯಲು ಒಂದು ದಬ್ಬಳ, ರೊಟ್ಟಿ ಕೊಯ್ಯಲು ಒಂದು ಅಲಗು. ಇವೆಲ್ಲವನ್ನೂ ಬೇರೆ ಬೇರೆಯಾಗಿ ಹೊರುವ ಬದಲು ಒಂದೇ ಹಿಡಿಯಲ್ಲಿ ಮಡಚಿ ಕಿಸೆಗೆ ಹಾಕಿಕೊಳ್ಳುವಂತಾದರೆ ಅನುಕೂಲವೆಂದು ಸೇನೆ ತೀರ್ಮಾನಿಸಿತು. ಹೀಗೆ ರೂಪುಗೊಂಡದ್ದು 1890ರ ಮಾದರಿ. ಮಡಚಿದಾಗ ಉದ್ದ 100 ಮಿಲಿಮೀಟರ್, ತೂಕ 144 ಗ್ರಾಂ.

ಚಾಕುವಿನ ವಿನ್ಯಾಸ ಸಿದ್ಧವಾಯಿತಾದರೂ ಅದನ್ನು ಸಾವಿರಗಟ್ಟಲೆ ತಯಾರಿಸಿಕೊಡುವ ಸಾಮರ್ಥ್ಯ ಸ್ವಿಟ್ಜರ್ಲೆಂಡಿನ ಯಾವ ಕಾರ್ಯಾಗಾರಕ್ಕೂ ಇರಲಿಲ್ಲ. ಅಲ್ಲಿದ್ದವರೆಲ್ಲ ಊರಿಗೊಬ್ಬರಂತೆ ಹರಡಿಕೊಂಡ ಕೈಕಸುಬಿನವರು. ಪಕ್ಕದ ಜರ್ಮನಿಯ ಸೋಲಿಂಗೆನ್ ನಗರವಾದರೋ ಶತಮಾನಗಳಿಂದ ಕತ್ತಿ, ಚಾಕುಗಳ ತವರು. ಅಲ್ಲಿನ ವೆಸ್ಟರ್ ಅಂಡ್ ಕಂಪನಿಗೆ ಮೊದಲ ಬೇಡಿಕೆ ಹೋಯಿತು. ಸುಮಾರು 15,000 ಚಾಕುಗಳು ಅಲ್ಲಿಂದ ಬಂದವು. ಸ್ವಿಸ್ ಸೈನಿಕನ ಕೈಗೆ ಮೊದಲು ಬಂದ ಸ್ವಿಸ್ ಸೇನಾ ಚಾಕು ಜರ್ಮನಿಯದಾಗಿತ್ತು.

ಈ ಸಂಗತಿ ಎಲ್ಸೆನರ್ ಅವರಿಗೆ ನುಂಗಲಾರದ ತುತ್ತಾಯಿತು. ತನ್ನ ದೇಶದ ಸೈನಿಕನ ಚಾಕು ತನ್ನ ದೇಶದಲ್ಲಿಯೇ ತಯಾರಾಗಬೇಕು, ಆ ಕೆಲಸ ಕಣಿವೆಯ ಜನರ ಕೈಗೆ ಬರಬೇಕು ಎಂಬುದು ಅವರ ನಿಲುವು. ಒಬ್ಬನಿಂದ ಆಗದ ಕೆಲಸ ಹತ್ತಾರು ಜನ ಕೂಡಿದರೆ ಆದೀತೆಂದು ನಂಬಿ, 1891ರಲ್ಲಿ ಸುಮಾರು 25 ಮಂದಿ ಚಾಕು ತಯಾರಕರನ್ನು ಒಗ್ಗೂಡಿಸಿ ಸ್ವಿಸ್ ಚಾಕು ತಯಾರಕರ ಸಂಘವನ್ನು ಕಟ್ಟಿದರು. ಸೇನೆಯ ಬೇಡಿಕೆಯನ್ನು ಹಂಚಿಕೊಂಡು ಪೂರೈಸುವುದು ಸಂಘದ ಉದ್ದೇಶ. ಅದೇ ವರ್ಷದ ಅಕ್ಟೋಬರಿನಲ್ಲಿ ಸ್ವಿಟ್ಜರ್ಲೆಂಡಿನಲ್ಲಿಯೇ ತಯಾರಾದ ಸೈನಿಕ ಚಾಕುಗಳ ಮೊದಲ ಕಂತು ಸೇನೆಗೆ ಸಲ್ಲಿಕೆಯಾಯಿತು.

ಎಲ್ಲರೂ ಕೈಬಿಟ್ಟಾಗ

ಸಂಭ್ರಮ ಬಹುಕಾಲ ಬಾಳಲಿಲ್ಲ. ಸೋಲಿಂಗೆನ್ನಿನ ಕಾರ್ಖಾನೆಗಳಲ್ಲಿ ಯಂತ್ರಗಳು ನಡೆಯುತ್ತಿದ್ದವು, ಕೆಲಸ ಹಂಚಿಹೋಗಿತ್ತು, ಉತ್ಪಾದನೆ ಲಕ್ಷದ ಲೆಕ್ಕದಲ್ಲಿತ್ತು. ಇಲ್ಲಿ ಒಬ್ಬೊಬ್ಬ ಕುಶಲಕರ್ಮಿಯೂ ಕುಲುಮೆಯಿಂದ ಸಾಣೆಯವರೆಗೆ ತಾನೇ ನಿಂತು ನೋಡಬೇಕು. ಹೀಗಾಗಿ ಜರ್ಮನಿಯ ಚಾಕು ಅಗ್ಗವಾಯಿತು, ಸ್ವಿಸ್ ಚಾಕು ದುಬಾರಿಯಾಯಿತು. ತಯಾರಿಸಿದಷ್ಟೂ ನಷ್ಟ ಎಂಬ ಸ್ಥಿತಿ ಬಂದಾಗ ಸಂಘದ ಸದಸ್ಯರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಒಂದೆರಡು ವರ್ಷಗಳೊಳಗೆ ಉಳಿದವರು ಎಲ್ಸೆನರ್ ಒಬ್ಬರೇ.

ಅವರೂ ಹಿಂದೆ ಸರಿಯಬಹುದಿತ್ತು. ಅಡುಗೆಮನೆಯ ಚಾಕು, ಕ್ಷೌರದ ಕತ್ತಿಗಳನ್ನು ಮಾಡಿಕೊಂಡು ನೆಮ್ಮದಿಯಿಂದ ಇರಬಹುದಿತ್ತು. ಹಾಗೆ ಮಾಡಿದ್ದರೆ ಅವರನ್ನು ತಪ್ಪೆನ್ನುವವರೂ ಇರುತ್ತಿರಲಿಲ್ಲ. ಆದರೆ ಎಲ್ಸೆನರ್ ಸೈನಿಕ ಚಾಕುವನ್ನು ಬಿಡಲಿಲ್ಲ. ಕೂಡಿಟ್ಟ ಹಣವೆಲ್ಲ ಕರಗಿತು. ಸಾಲ ಬೆಳೆಯಿತು. ಬಂಧುಗಳು ಕೈಹಿಡಿದು, ಸಾಲಗಾರರು ತಾಳ್ಮೆ ತೋರಿದ್ದರಿಂದ ಮಾತ್ರ ಕಾರ್ಯಾಗಾರದ ಬಾಗಿಲು ಮುಚ್ಚಲಿಲ್ಲ. ಬಂಧುಗಳ ನಂಬಿಕೆಯನ್ನು ಒತ್ತೆಯಿಟ್ಟು ನಡೆಸುವ ಉದ್ಯಮದ ಭಾರ ಎಂತಹುದೆಂದು ನಮ್ಮಲ್ಲಿ ಸಣ್ಣ ಕೈಗಾರಿಕೆ ನಡೆಸಿದ ಯಾರಿಗೂ ವಿವರಿಸಬೇಕಿಲ್ಲ.

ಸಂಗ್ರಾಹಕರ ಲೋಕದಲ್ಲಿ ಈ ವರ್ಷಗಳ ಚಾಕುಗಳಿಗೆ ವಿಶೇಷ ಗೌರವ ದೊರೆಯಲು ಇದೂ ಒಂದು ಕಾರಣ. ಅವು ಯಶಸ್ಸಿನ ಕಾಲದ ಸರಕಲ್ಲ. ಸಲ್ಲಿಸಿದ ಪ್ರತಿ ಕಂತಿನ ಹಿಂದೆಯೂ ನಷ್ಟದ ಲೆಕ್ಕವೊಂದಿದೆ. ಸಂಖ್ಯೆಯೂ ಕಡಿಮೆ, ಉಳಿದು ಬಂದವು ಇನ್ನೂ ಕಡಿಮೆ.

ಅಧಿಕಾರಿಗಳ ಚಾಕು

ಸೋಲಿನ ನಡುವೆಯೇ ಎಲ್ಸೆನರ್ ಇನ್ನೊಂದು ದಾರಿಯನ್ನು ಹುಡುಕಿದರು. ಸೈನಿಕ ಚಾಕು ಗಟ್ಟಿಮುಟ್ಟಾಗಿತ್ತು, ಆದರೆ ಭಾರವಾಗಿತ್ತು. ಅದಕ್ಕಿಂತ ಹಗುರವಾದ, ನಯವಾದ, ಹೆಚ್ಚು ಉಪಕರಣಗಳಿರುವ ಚಾಕುವೊಂದನ್ನು ಅಧಿಕಾರಿಗಳಿಗಾಗಿ ರೂಪಿಸಲು ಅವರು ತೊಡಗಿದರು. ಇಲ್ಲಿ ಎದುರಾದದ್ದು ಶುದ್ಧ ತಾಂತ್ರಿಕ ಸಮಸ್ಯೆ.

ಮಡಚುವ ಚಾಕುವಿನ ಜೀವ ಇರುವುದು ಅದರ ಬೆನ್ನಿನ ಸ್ಪ್ರಿಂಗಿನಲ್ಲಿ. ಹಿಡಿಯ ಬೆನ್ನಿನುದ್ದಕ್ಕೂ ಇರುವ ಉಕ್ಕಿನ ಪಟ್ಟಿಯೊಂದು ಅಲಗಿನ ಬುಡವನ್ನು ಒತ್ತಿ ಹಿಡಿದಿರುತ್ತದೆ. ಅಲಗನ್ನು ತೆರೆದಾಗ ಟಕ್ಕೆಂದು ನಿಲ್ಲುವುದೂ, ಮಡಚಿದಾಗ ಮತ್ತೆ ಟಕ್ಕೆಂದು ಕೂರುವುದೂ ಈ ಪಟ್ಟಿಯ ಒತ್ತಡದಿಂದ. ಉಪಕರಣ ಹೆಚ್ಚಿದಂತೆಲ್ಲ ಪಟ್ಟಿಗಳೂ ಹೆಚ್ಚಿದರೆ ಚಾಕು ದಪ್ಪವಾಗಿ ಕಿಸೆಗೆ ಹೊರೆಯಾಗುತ್ತದೆ. ಎಲ್ಸೆನರ್ ಕಂಡುಕೊಂಡ ಪರಿಹಾರ ಸರಳವಾಗಿತ್ತು. ಒಂದೇ ಪಟ್ಟಿಯನ್ನು ಎರಡೂ ಬದಿಯಲ್ಲಿ ದುಡಿಸುವುದು. ಹಿಡಿಯ ಮುಂಬದಿಯ ಅಲಗುಗಳನ್ನು ಹಿಡಿದಿಡುವ ಪಟ್ಟಿಯೇ ಬೆನ್ನ ಬದಿಯ ಉಪಕರಣವನ್ನೂ ಹಿಡಿದಿಡುವಂತೆ ಮಾಡಿದರು. ಹೀಗೆ ಕೇವಲ ಎರಡು ಸ್ಪ್ರಿಂಗುಗಳ ಮೇಲೆ ಆರು ಉಪಕರಣಗಳು ನಿಂತವು.

ಸೈನಿಕ ಚಾಕುವಿನ ನಾಲ್ಕು ಉಪಕರಣಗಳ ಜೊತೆಗೆ ಒಂದು ಸಣ್ಣ ಅಲಗು ಮತ್ತು ಸೀಸೆಯ ಬಿರಡೆ ತೆಗೆಯುವ ಸುರುಳಿ ಸೇರಿದವು. 1897ರ ಜೂನ್ 12ರಂದು ಈ ವಿನ್ಯಾಸಕ್ಕೆ ಕಾನೂನಿನ ರಕ್ಷಣೆ ದೊರೆಯಿತು. ಹೆಸರು ಅಧಿಕಾರಿಗಳ ಚಾಕು ಎಂದಿದ್ದರೂ ಸೇನೆ ಇದನ್ನು ಅಧಿಕೃತ ಸಲಕರಣೆಯಾಗಿ ಸ್ವೀಕರಿಸಲಿಲ್ಲ. ಬಿರಡೆ ತೆಗೆಯುವ ಸುರುಳಿ ಯುದ್ಧಕ್ಕೆ ಅಗತ್ಯವೆಂದು ಯಾವ ಸೇನೆ ತಾನೇ ಒಪ್ಪೀತು? ಆದರೆ ಅಧಿಕಾರಿಗಳು ಒಪ್ಪಿದರು. ತಮ್ಮ ಕೈಯಿಂದಲೇ ಹಣ ಕೊಟ್ಟು ಚಾಕುವಿನ ಅಂಗಡಿಗಳಲ್ಲಿ ಕೊಂಡರು. ಅವರ ಹಿಂದೆ ನಾಗರಿಕರೂ ಬಂದರು. ವಿದ್ಯಾರ್ಥಿಗಳಿಗೊಂದು, ರೈತರಿಗೊಂದು ಎಂದು ಬೇರೆ ಬೇರೆ ಮಾದರಿಗಳೂ ಹೊರಬಂದವು. ಸರ್ಕಾರದ ಗುತ್ತಿಗೆ ತಂದೊಡ್ಡಿದ ನಷ್ಟದಿಂದ ಎಲ್ಸೆನರ್ ಅವರನ್ನು ಮೇಲೆತ್ತಿದ್ದು ಸರ್ಕಾರ ಬೇಡವೆಂದ ಚಾಕು.

ಇದರ ಪರಿಣಾಮ ಇಂದಿನ ಸಂಗ್ರಹದ ಲೋಕದಲ್ಲೂ ಕಾಣುತ್ತದೆ. ಸೈನಿಕ ಚಾಕುಗಳು ಸೇನೆಯ ಲೆಕ್ಕಕ್ಕೆ ಸಾವಿರಗಟ್ಟಲೆ ತಯಾರಾದವು. ಆರಂಭದ ಅಧಿಕಾರಿಗಳ ಚಾಕುಗಳಾದರೋ ಒಬ್ಬೊಬ್ಬರು ಕೊಂಡು ಬಳಸಿದವು, ಬಳಸಿ ಸವೆಸಿದವು. ಆದ್ದರಿಂದ 1897ರಿಂದ ಮೊದಲ ಹತ್ತು ಹನ್ನೆರಡು ವರ್ಷಗಳ ಅಧಿಕಾರಿ ಚಾಕು ಸಿಗುವುದು ಸೈನಿಕ ಚಾಕು ಸಿಗುವುದಕ್ಕಿಂತ ಅಪರೂಪ. ಸಿಕ್ಕರೆ ಅದು ಸಂಗ್ರಹದ ಕಿರೀಟಪ್ರಾಯ.

ಪೈಪೋಟಿ ಮತ್ತು ಪಾಲು

ಎಲ್ಸೆನರ್ ಸೈನ್ಯದ ಚಾಕುವಿಗೆ ಏಕೈಕ ಸ್ವಿಸ್ ಹಕ್ಕುದಾರರಾಗಿ ಉಳಿಯಲಿಲ್ಲ. 1893ರಲ್ಲಿ ಫ್ರೆಂಚ್ ಮಾತಾಡುವ ಜೂರಾ ಪ್ರದೇಶದ ಕಂಪನಿಯೊಂದು ಸೈನಿಕ ಚಾಕು ಪೂರೈಸಲು ಮುಂದಾಯಿತು. ಇದೇ ಮುಂದೆ ಡೆಲೆಮೊಂ ಪಟ್ಟಣದ ವೆಂಗರ್ ಕಂಪನಿಯಾಗಿ ಹೆಸರಾಯಿತು. ಜರ್ಮನ್ ಭಾಷಿಕ ಶ್ವೀಟ್ಸ್ ಒಂದೆಡೆ, ಫ್ರೆಂಚ್ ಭಾಷಿಕ ಜೂರಾ ಇನ್ನೊಂದೆಡೆ. ಹಲವು ಭಾಷೆಗಳನ್ನು ಒಂದೇ ಸೂರಿನಡಿ ಸಂಭಾಳಿಸಬೇಕಾದ ದೇಶಕ್ಕೆ ಇಂತಹ ವಿಷಯಗಳು ಎಷ್ಟು ಸೂಕ್ಷ್ಮವೆಂದು ಭಾರತೀಯರಾದ ನಮಗೆ ಹೇಳಬೇಕಿಲ್ಲ. 1908ರಲ್ಲಿ ಸೇನೆ ಗುತ್ತಿಗೆಯನ್ನು ಇಬ್ಬರಿಗೂ ಸಮನಾಗಿ ಹಂಚಿತು. ಅರ್ಧ ಶ್ವೀಟ್ಸ್‌ಗೆ, ಅರ್ಧ ಜೂರಾಕ್ಕೆ.

ಇದೇ ಹೊತ್ತಿಗೆ ಚಾಕುವಿನ ರೂಪವೂ ಬದಲಾಯಿತು. ಮರದ ಹಿಡಿ ಬಿರುಕು ಬಿಡುತ್ತಿತ್ತು, ಚೂರು ಎದ್ದು ಬರುತ್ತಿತ್ತು. 1908ರ ಮಾದರಿಯಲ್ಲಿ ಮರದ ಬದಲು ಫೈಬರ್ ಹಿಡಿ ಬಂದಿತು. ಉದ್ದ ಮೊದಲಿನಷ್ಟೇ ಉಳಿದರೂ ತೂಕ 125 ಗ್ರಾಂಗೆ ಇಳಿಯಿತು. ಮರದ ಹಿಡಿಯ ಚಾಕುಗಳ ಕಾಲ ಹೀಗೆ ಎರಡು ದಶಕ ತುಂಬುವ ಮುನ್ನವೇ ಮುಗಿಯಿತು. ಅಂದು ದೋಷವೆಂದು ಕೈಬಿಟ್ಟ ಆ ಮರದ ಹಿಡಿಯೇ ಇಂದು ಸಂಗ್ರಾಹಕರ ಕಣ್ಣು ಮೊದಲು ಹುಡುಕುವ ಗುರುತು.

ತಾಯಿಯ ಹೆಸರು

1909ರಲ್ಲಿ ತಾಯಿ ವಿಕ್ಟೋರಿಯಾ ತೀರಿಕೊಂಡರು. ಬಡತನದ ದಿನಗಳಲ್ಲಿ ಜೊತೆಗಿದ್ದ ತಾಯಿಯ ನೆನಪಿಗಾಗಿ ಎಲ್ಸೆನರ್ ತಮ್ಮ ಉದ್ಯಮಕ್ಕೆ ವಿಕ್ಟೋರಿಯಾ ಎಂದು ಹೆಸರಿಟ್ಟರು. ಗುರಾಣಿಯೊಳಗಿನ ಶಿಲುಬೆ ಕಂಪನಿಯ ಲಾಂಛನವಾದದ್ದೂ ಅದೇ ವರ್ಷ. ತಮ್ಮ ಹೆಸರನ್ನು ಮೆರೆಸಬಹುದಾಗಿದ್ದ ಕಡೆ ತಾಯಿಯ ಹೆಸರನ್ನು ಅಚ್ಚೊತ್ತಿದ ಈ ನಿರ್ಧಾರ ಭಾವನೆಯದಾಗಿದ್ದರೂ, ಇಂದಿನ ಸಂಗ್ರಾಹಕರಿಗೆ ಅದು ಕಾಲನಿರ್ಣಯದ ಅತಿ ಖಚಿತವಾದ ಸಾಧನವಾಗಿ ಪರಿಣಮಿಸಿದೆ.

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಯಿತು. ಸ್ವಿಟ್ಜರ್ಲೆಂಡ್ ತಟಸ್ಥವಾಗಿದ್ದರೂ ಗಡಿ ಕಾಯಲು ಸೈನ್ಯವನ್ನು ಸಜ್ಜುಗೊಳಿಸಿತು. ಅಲ್ಲಿನ ಸೇನೆ ನಾಗರಿಕರದೇ ಸೇನೆ. ಹೊಲದಿಂದ, ಬಡಗಿಯ ಕೊಟ್ಟಿಗೆಯಿಂದ, ಶಾಲೆಯಿಂದ ಎದ್ದು ಬಂದವರೇ ಸಮವಸ್ತ್ರ ಧರಿಸುತ್ತಿದ್ದರು. ಅವರ ಕಿಸೆಯಲ್ಲಿ ಇದ್ದದ್ದು ಇಬಾಖ್ ಮತ್ತು ಜೂರಾದ ಚಾಕುಗಳು. ಎಲ್ಸೆನರ್ 23 ವರ್ಷಗಳ ಹಿಂದೆ ಬಯಸಿದ್ದು ಇದನ್ನೇ. ಯುದ್ಧ ಮುಗಿದ ವರ್ಷ, 1918ರ ಡಿಸೆಂಬರಿನಲ್ಲಿ ಅವರು ನಿಧನರಾದರು.

ಅವರು ಕಾಣದೇ ಹೋದದ್ದು ಬಹಳ. ಅವರ ಜೀವಿತಾವಧಿಯ ಸೈನಿಕ ಚಾಕುಗಳ ಅಲಗುಗಳು ತುಕ್ಕು ಹಿಡಿಯುವ ಕಾರ್ಬನ್ ಉಕ್ಕಿನವು. ತುಕ್ಕು ಹಿಡಿಯದ ಉಕ್ಕು ಮಕ್ಕಳ ಕಾಲದಲ್ಲಿ ಕಾರ್ಯಾಗಾರಕ್ಕೆ ಬಂದಿತು. ಆ ಉಕ್ಕಿಗೆ ಫ್ರೆಂಚ್ ಭಾಷೆಯಿಂದ ಬಂದ ಹೆಸರಿನ ಕಿರುರೂಪ ಇನಾಕ್ಸ್. 1921ರಲ್ಲಿ ವಿಕ್ಟೋರಿಯಾ ಮತ್ತು ಇನಾಕ್ಸ್ ಕೂಡಿ ವಿಕ್ಟೊರಿನಾಕ್ಸ್ ಆಯಿತು. 1931ರಲ್ಲಿ ಮಗ ಕಾರ್ಲ್ ಎರಡನೆಯವರು ಉಕ್ಕಿಗೆ ಹದ ಕೊಡುವ ವಿದ್ಯುತ್ ಕುಲುಮೆಗಳನ್ನು ಇಬಾಖ್‌ನಲ್ಲಿ ಸ್ಥಾಪಿಸಿದರು. ತೊರೆಯ ನೀರಿನ ಚಕ್ರದಿಂದ ಆರಂಭವಾದ ಕಾರ್ಯಾಗಾರ ಸ್ವಯಂಚಾಲಿತ ಯಂತ್ರಗಳ ಕಾರ್ಖಾನೆಯಾಯಿತು. 1945ರ ನಂತರ ಯುರೋಪಿನಲ್ಲಿದ್ದ ಅಮೆರಿಕದ ಸೈನಿಕರು ಈ ಚಾಕುಗಳನ್ನು ರಾಶಿರಾಶಿಯಾಗಿ ಕೊಂಡು ಮನೆಗೆ ಒಯ್ದರು. ಜರ್ಮನ್ ಹೆಸರು ನಾಲಗೆಗೆ ಹೊರಳದೆ, ಸ್ವಿಸ್ ಆರ್ಮಿ ನೈಫ್ ಎಂದು ಕರೆದರು. ಜಗತ್ತು ಅದೇ ಹೆಸರನ್ನು ಹಿಡಿಯಿತು.

ಬೆಲೆ ನಿರ್ಧಾರವಾಗುವುದು ಹೇಗೆ?

ಹಳೆಯ ಮಡಚುವ ಚಾಕುಗಳ ಬೆಲೆ ವಯಸ್ಸೊಂದರಿಂದಲೇ ನಿರ್ಧಾರವಾಗುವುದಿಲ್ಲ. ಸಂಗ್ರಾಹಕರು ಮೊದಲು ನೋಡುವುದು ಅಲಗಿನ ಬುಡದಲ್ಲಿ ಒತ್ತಿದ ಮುದ್ರೆಯನ್ನು. ವೆಸ್ಟರ್ ಮತ್ತು ಸೋಲಿಂಗೆನ್ ಹೆಸರಿನ ಮುದ್ರೆಯಿದ್ದರೆ ಅದು ಜರ್ಮನಿಯಿಂದ ಬಂದ ಮೊದಲ ಕಂತಿನದು. ಎಲ್ಸೆನರ್ ಮತ್ತು ಶ್ವೀಟ್ಸ್ ಎಂಬ ಮುದ್ರೆಯಿದ್ದರೆ ಅದು ಸಂಸ್ಥಾಪಕರ ಆರಂಭದ ದಿನಗಳದು. ವಿಕ್ಟೋರಿಯಾ ಎಂದಷ್ಟೇ ಇದ್ದರೆ 1909ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ವಿಕ್ಟೊರಿನಾಕ್ಸ್ ಎಂದಿದ್ದರೆ 1921ಕ್ಕಿಂತ ಹಿಂದಿನದಲ್ಲ. ನಾಲ್ಕು ಮುದ್ರೆಗಳಲ್ಲಿ ಒಂದು ಬದುಕಿನ ಇಡೀ ಕಾಲರೇಖೆ ಅಡಗಿದೆ.

ಎರಡನೆಯದು ಸ್ಥಿತಿ. ಕಾರ್ಬನ್ ಉಕ್ಕು ತೇವ ತಗುಲಿದರೆ ತುಕ್ಕು ಹಿಡಿಯುತ್ತದೆ, ನಿಂಬೆಯ ಹುಳಿ ತಗುಲಿದರೂ ಕಪ್ಪಾಗುತ್ತದೆ. ಬಳಸಿದವನು ಸಾಣೆ ಹಿಡಿದಷ್ಟೂ ಅಲಗು ಸವೆದು ಕಿರಿದಾಗುತ್ತದೆ. ಆದ್ದರಿಂದ ಅಲಗು ತನ್ನ ಮೂಲ ಅಗಲವನ್ನು ಉಳಿಸಿಕೊಂಡಿದೆಯೇ ಎಂಬುದು ಮುಖ್ಯ. ತೆರೆದಾಗ, ಮಡಚಿದಾಗ ಸ್ಪ್ರಿಂಗ್ ಮೊದಲಿನಂತೆ ಬಿಗಿಯಾಗಿ ಸದ್ದು ಮಾಡುತ್ತದೆಯೇ, ಹಿಡಿಯ ಮರ ಮೂಲದ್ದೇ, ಮೊಳೆಗಳನ್ನು ಕಿತ್ತು ಮತ್ತೆ ಬಡಿದಿದ್ದಾರೆಯೇ ಎಂಬುದನ್ನೂ ಪರೀಕ್ಷಿಸುತ್ತಾರೆ.

ಇಲ್ಲಿ ಹೊಸಬರು ಮಾಡುವ ದೊಡ್ಡ ತಪ್ಪೊಂದಿದೆ. ಅಜ್ಜನ ಪೆಟ್ಟಿಗೆಯಲ್ಲಿ ಹಳೆಯ ಚಾಕು ಸಿಕ್ಕೊಡನೆ ಅದನ್ನು ಉಜ್ಜಿ, ತಿಕ್ಕಿ, ಸಾಣೆ ಹಿಡಿದು ಹೊಳೆಯುವಂತೆ ಮಾಡುವುದು. ಹಳೆಯ ಉಕ್ಕಿನ ಮೇಲೆ ವರ್ಷಗಳಿಂದ ಮೂಡಿದ ಬೂದು ಬಣ್ಣದ ಛಾಯೆ ದೋಷವಲ್ಲ, ಅದು ವಯಸ್ಸಿನ ಸಾಕ್ಷಿ. ಅದನ್ನು ಉಜ್ಜಿ ತೆಗೆದರೆ ಮುದ್ರೆಯೂ ಮಸುಕಾಗುತ್ತದೆ, ಬೆಲೆಯೂ ಇಳಿಯುತ್ತದೆ. ಒಣ ಬಟ್ಟೆಯಿಂದ ಒರೆಸಿ, ತೆಳುವಾಗಿ ಎಣ್ಣೆ ಸವರಿ, ತೇವವಿಲ್ಲದ ಕಡೆ ಇಡುವುದೇ ಉತ್ತಮ ಸಂರಕ್ಷಣೆ.

ಬೆಲೆ ಇರುವಲ್ಲಿ ನಕಲಿಯೂ ಇರುತ್ತದೆ. ಹೊಸ ಮರವನ್ನು ಹಳೆಯದರಂತೆ ಕಪ್ಪಾಗಿಸಿ ಕೂರಿಸುವುದು, ಎರಡು ಮುರಿದ ಚಾಕುಗಳ ಭಾಗಗಳನ್ನು ಕೂಡಿಸಿ ಒಂದಾಗಿ ಮಾರುವುದು ಇವೆಲ್ಲ ಈ ವ್ಯವಹಾರದಲ್ಲಿ ಹೊಸತಲ್ಲ. ಇಲ್ಲಿ ಇತಿಹಾಸದ ತಿಳಿವಳಿಕೆಯೇ ಕೊಳ್ಳುವವನ ರಕ್ಷಣೆ. 1890ರ ದಶಕದ ಎಲ್ಸೆನರ್ ಚಾಕುವೆಂದು ತೋರಿಸುವ ವಸ್ತುವಿನ ಹಿಡಿಯ ಮೇಲೆ ಗುರಾಣಿ-ಶಿಲುಬೆಯ ಕಂಪನಿ ಲಾಂಛನವಿದ್ದರೆ ಕೊಳ್ಳುವವನು ಎಚ್ಚರಗೊಳ್ಳಬೇಕು. ಆ ಲಾಂಛನ ಹುಟ್ಟಿದ್ದೇ 1909ರಲ್ಲಿ. ಹಾಗೆಯೇ ಸಂಸ್ಥಾಪಕರ ಕಾಲದ ಸೈನಿಕ ಚಾಕುವೆಂದು ಹೇಳುವ ವಸ್ತುವಿನ ಅಲಗು ತುಕ್ಕು ಹಿಡಿಯದ ಉಕ್ಕಿನದಾಗಿದ್ದರೆ ಆ ಮಾತು ನಿಲ್ಲುವುದಿಲ್ಲ.

ಉಳಿದದ್ದು ಏನು?

ಶತಮಾನದ ಪ್ರತಿಸ್ಪರ್ಧಿ ವೆಂಗರ್ ಕಂಪನಿಯನ್ನು ವಿಕ್ಟೊರಿನಾಕ್ಸ್ 2005ರಲ್ಲಿ ಕೊಂಡಿತು. 2013ರಲ್ಲಿ ವೆಂಗರ್ ಚಾಕುಗಳ ಪ್ರತ್ಯೇಕ ಹೆಸರು ಕೊನೆಗೊಳ್ಳಲಿದೆಯೆಂಬ ಪ್ರಕಟಣೆ ಬಂದಿತು. 1908ರಲ್ಲಿ ಎರಡಾಗಿ ಹಂಚಿದ ಪಾಲು ಮತ್ತೆ ಒಂದಾಯಿತು. ಇದರಿಂದ ವೆಂಗರ್ ಮುದ್ರೆಯ ಚಾಕುಗಳೂ ಸಂಗ್ರಹದ ಪಟ್ಟಿಗೆ ಸೇರಿದವು. ತಯಾರಿಕೆ ನಿಂತ ಹೆಸರಿಗೆ ಬೆಲೆ ಬರುವುದು ಈ ಲೋಕದ ನಿಯಮ.

2001ರ ಸೆಪ್ಟೆಂಬರ್ 11ರ ಭಯೋತ್ಪಾದಕ ದಾಳಿಯ ಬಳಿಕ ವಿಮಾನದೊಳಗೆ ಚಾಕು ಒಯ್ಯುವುದು ನಿಷಿದ್ಧವಾಯಿತು. ವಿಮಾನ ನಿಲ್ದಾಣದ ಅಂಗಡಿಗಳಲ್ಲಿ ಚಾಕುವಿನ ಮಾರಾಟ ನಿಂತುಹೋಯಿತು. ಕಂಪನಿಯ ಚಾಕು ವ್ಯಾಪಾರ ಒಮ್ಮೆಲೇ ಮೂರನೇ ಒಂದು ಭಾಗದಷ್ಟು ಕುಸಿಯಿತು. ಆಗಲೂ ಇಬಾಖ್‌ನಲ್ಲಿ ಈ ಕಾರಣಕ್ಕಾಗಿ ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ಕೆಲಸದ ವೇಳೆ ಕಡಿಮೆ ಮಾಡಿದರು. ಕೆಲವು ನೌಕರರನ್ನು ತಾತ್ಕಾಲಿಕವಾಗಿ ಸುತ್ತಲಿನ ಇತರ ಕಂಪನಿಗಳಿಗೆ ಕಳುಹಿಸಿಕೊಟ್ಟರು. ಕಣಿವೆಯ ಜನರಿಗೆ ಊರಲ್ಲಿಯೇ ಕೆಲಸವಿರಬೇಕೆಂಬ ಮೊದಲ ಕಾರ್ಲ್ ಅವರ ಹಠ ನಾಲ್ಕನೇ ತಲೆಮಾರಿಗೂ ಮಾಸಿರಲಿಲ್ಲ.

ನಷ್ಟವಾಗುತ್ತಿದೆಯೆಂದು ಗೊತ್ತಿದ್ದೂ ಎಲ್ಸೆನರ್ ತಯಾರಿಸಿದ ಆ ಮರದ ಹಿಡಿಯ ಚಾಕುಗಳಿಂದ ಅವರಿಗೆ ದಕ್ಕಿದ್ದು ಸಾಲ. ಇಂದು ಅವುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟವರಿಗೆ ದಕ್ಕುತ್ತಿರುವುದು ಸಂಪತ್ತು. ಈ ಲೆಕ್ಕ ಅನ್ಯಾಯವೆನಿಸಬಹುದು. ಆದರೆ ಅಪರೂಪ ಎಂಬ ಒಂದೇ ಮಾತಿನಿಂದ ಆ ಬೆಲೆಯನ್ನು ವಿವರಿಸಿ ಮುಗಿಸಲಾಗದು. 1891ರಲ್ಲಿ ಕೂಡಿದ 25 ಜನರಲ್ಲಿ ಉಳಿದವರೆಲ್ಲ ಲಾಭನಷ್ಟ ತೂಗಿ ಸರಿಯಾದ ನಿರ್ಧಾರವನ್ನೇ ಮಾಡಿದರು. ತಪ್ಪು ಲೆಕ್ಕ ಹಾಕಿದವರು ಒಬ್ಬರು. ಟೋಬೆಲ್‌ಬಾಖ್ ತೊರೆಯ ದಡದಲ್ಲಿ ಆರಂಭವಾದ ಆ ಉದ್ಯಮದ ಕೇಂದ್ರ ಇಂದಿಗೂ ಇಬಾಖ್‌ನಲ್ಲಿದೆ. ಅಲ್ಲಿಂದ ಹೊರಡುವ ಪ್ರತಿ ಚಾಕುವಿನ ಮೇಲೂ ಟೋಪಿ ಮಾರುವವನ ಹೆಂಡತಿಯಾಗಿದ್ದ ಒಬ್ಬ ತಾಯಿಯ ಹೆಸರಿದೆ.